ಅವರ ನೆರಳು ಯಾಕೆ ಆ ಕಡೆ ಬಿತ್ತು? ಶಾಲಾ ಪಾಠ ನಿರ್ಧರಿಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಮಕ್ಕಳು ಶಾಲೆಯಲ್ಲಿ ಏನು ಕಲಿಯಬೇಕು, ಅದಕ್ಕೆ ಎಷ್ಟು ಹೊತ್ತು ಕೊಡಬೇಕು, ಯಾವುದಕ್ಕೆ ಅಂಕ ಸಿಗಬೇಕು ಎಂದು ನಿರ್ಧರಿಸುವ ಎಲ್ಲರಿಗೂ ಈ ಪತ್ರ. ನೀವು ಶಿಕ್ಷಣ ಸಚಿವರಿರಬಹುದು, ಪಠ್ಯ ಸಮಿತಿಯಲ್ಲಿ ಕೂತವರಿರಬಹುದು, ಒಂದು ಸಣ್ಣ ಶಾಲೆಯ ಮುಖ್ಯೋಪಾಧ್ಯಾಯರಿರಬಹುದು. ನಾನು ಭೂಗೋಳ, ಇತಿಹಾಸ ಹೇಳಿಕೊಡುವ ಶಿಕ್ಷಕಿ. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಅಂತರರಾಷ್ಟ್ರೀಯ ಶಿಕ್ಷಣ ಅನ್ನುವ ಮಾತನ್ನು ಈ ವರ್ಷಗಳಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆ ಮಾತಿನ ಬಗ್ಗೆ ನಿಮ್ಮ ಹತ್ತಿರ ಸ್ವಲ್ಪ ಹೇಳಿಕೊಳ್ಳಬೇಕಾಗಿದೆ.

ಮೊದಲು ಒಂದು ಮಧ್ಯಾಹ್ನದ ಕಥೆ. ಹಗಲು ರಾತ್ರಿ ಸಮ ಇರುವ ದಿನ ಅದು, ಮಾರ್ಚ್ 20ರ ಆಸುಪಾಸು. ನಮ್ಮ ಎಂಟನೇ ತರಗತಿಯವರು ಶಾಲೆಯ ಅಂಗಳದಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ, ನಡುಹಗಲಿನ ಅತಿ ಗಿಡ್ಡ ನೆರಳನ್ನು ಅಳೆದರು. ಅದೇ ದಿನ ಭೂಮಧ್ಯರೇಖೆಯ ಆಚೆ, ಬೇರೊಂದು ಖಂಡದ ಶಾಲೆಯ ಮಕ್ಕಳೂ ಅಂಥದೇ ಕೋಲು ನಿಲ್ಲಿಸಿ ಅಳೆದರು. ಇದು ನಮ್ಮ ಉಪಾಯವಲ್ಲ. ಸುಮಾರು 2,200 ವರ್ಷಗಳ ಹಿಂದೆ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಮಾಡಿದ ಲೆಕ್ಕ ಇದು. ಬೇಸಗೆಯ ಒಂದು ದಿನ ದಕ್ಷಿಣದ ಸಯೀನ್ ಊರಿನಲ್ಲಿ ನಡುಹಗಲಿಗೆ ನೆರಳೇ ಬೀಳುವುದಿಲ್ಲ, ತನ್ನ ಊರಿನಲ್ಲಿ ಬೀಳುತ್ತದೆ ಎಂದು ಅವನಿಗೆ ಗೊತ್ತಿತ್ತು. ಆ ನೆರಳಿನ ಕೋನ ಒಂದು ಪೂರ್ತಿ ವೃತ್ತದ 50ರಲ್ಲಿ ಒಂದು ಪಾಲು. ಹಾಗಾದರೆ ಎರಡು ಊರುಗಳ ನಡುವಿನ ದೂರವನ್ನು 50ರಿಂದ ಗುಣಿಸಿದರೆ ಭೂಮಿಯ ಸುತ್ತಳತೆ ಸಿಗಬೇಕು. ಎಷ್ಟು ಸರಳ, ಅಲ್ವಾ? ಆದರೆ ಒಂದು ವಿಷಯ ಗಮನಿಸಿ. ಒಂದೇ ಊರಿನಲ್ಲಿ ನಿಂತು ಈ ಲೆಕ್ಕ ಮಾಡಲು ಆಗುವುದಿಲ್ಲ. ಇನ್ನೊಂದು ಊರಿನ ನೆರಳಿನ ಸುದ್ದಿ ಬೇಕೇ ಬೇಕು.

ನಮ್ಮ ಮಕ್ಕಳಿಗೆ ನೆರಳಿನ ಕೋನ 14 ಡಿಗ್ರಿ ಬಂತು. ಸಂಜೆಗೆ ಆಚೆಯ ಶಿಕ್ಷಕಿಯಿಂದ ಇಮೇಲ್ ಬಂತು, ಅವರದು 25 ಡಿಗ್ರಿ. ಮಕ್ಕಳು 25ರಲ್ಲಿ 14 ಕಳೆದರು, 11 ಉಳಿಯಿತು. ಎರಡು ಶಾಲೆಗಳ ನಡುವಿನ ಉತ್ತರ-ದಕ್ಷಿಣ ದೂರ ಭೂಪಟದ ಪ್ರಕಾರ ಸುಮಾರು 4,450 ಕಿಲೋಮೀಟರ್. 11 ಡಿಗ್ರಿಗೆ ಇಷ್ಟು ದೂರವಾದರೆ ಪೂರ್ತಿ ವೃತ್ತದ 360 ಡಿಗ್ರಿಗೆ ಎಷ್ಟು ಎಂದು ಲೆಕ್ಕ ಹಾಕಿದರೆ ಭೂಮಿಯ ಸುತ್ತಳತೆ 1,45,000 ಕಿಲೋಮೀಟರ್ ದಾಟಿಬಿಟ್ಟಿತು! ನಿಜವಾದದ್ದು ಸುಮಾರು 40,000. ತರಗತಿಯಲ್ಲಿ ಗಲಾಟೆ ಶುರುವಾಯಿತು. ಅಷ್ಟರಲ್ಲಿ ಆಚೆ ಶಾಲೆಯವರು ಕಳಿಸಿದ ಫೋಟೋ ನೋಡಿದ ಒಬ್ಬ ಹುಡುಗ ಕೂಗಿದ: "ಟೀಚರ್, ಅವರು ತಪ್ಪು ಮಾಡಿದ್ದಾರೆ. ಅವರ ನೆರಳು ದಕ್ಷಿಣಕ್ಕೆ ಬಿದ್ದಿದೆ!"

ಎಲ್ಲರೂ ಒಪ್ಪಿದರು. ಹೌದು, ತಪ್ಪು ಅವರದೇ. ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುವುದು ಎಂದರೇನು? ದಿಕ್ಸೂಚಿಯನ್ನು ತಲೆಕೆಳಗೆ ಹಿಡಿದಿರಬೇಕು.

ನಾನು ಏನೂ ಹೇಳಲಿಲ್ಲ. ಬಾಯಿ ಮುಚ್ಚಿಕೊಂಡು ಕೂರುವುದು ಶಿಕ್ಷಕರಿಗೆ ಕಷ್ಟದ ಕೆಲಸ, ಆದರೆ ಅವತ್ತು ಕೂತೆ. ಹತ್ತು ನಿಮಿಷ ಕಳೆದ ಮೇಲೆ ಮೂಲೆಯಲ್ಲಿದ್ದ ಒಬ್ಬ ಹುಡುಗಿ ಎದ್ದು ಬಂದು ಗೋಳವನ್ನು ಕೈಗೆತ್ತಿಕೊಂಡಳು. ನಮ್ಮ ಜಾಗಕ್ಕೆ ಒಂದು ಸೀಮೆಸುಣ್ಣದ ತುಂಡು ಅಂಟಿಸಿದಳು, ಅವರ ಜಾಗಕ್ಕೆ ಒಂದು. ಟಾರ್ಚ್ ಹಿಡಿದಳು. ಒಂದು ನೆರಳು ಮೇಲಕ್ಕೆ, ಇನ್ನೊಂದು ಕೆಳಕ್ಕೆ ಬಿತ್ತು. "ಅವರದು ತಪ್ಪಲ್ಲ" ಎಂದಳು. "ಅವರು ಸೂರ್ಯನ ಆ ಕಡೆ ನಿಂತಿದ್ದಾರೆ. ನಾವು ಕಳೆಯಬಾರದಿತ್ತು, ಕೂಡಿಸಬೇಕಿತ್ತು."

14 ಕೂಡಿಸು 25, ಒಟ್ಟು 39. ಈ ಸಲ ಉತ್ತರ 41,000 ಕಿಲೋಮೀಟರಿನ ಆಸುಪಾಸು ಬಂತು. ಒಂದು ಕೋಲು, ಒಂದು ದಾರ, ಒಂದು ಕೋನಮಾಪಕದಲ್ಲಿ ಇಷ್ಟು ಹತ್ತಿರ ಬಂದರೆ ಸಾಕಲ್ಲ!

ಆ ಹುಡುಗಿ ಆಡಿದ ಮಾತು ನನ್ನ ತಲೆಯಲ್ಲಿ ಇವತ್ತಿಗೂ ಕೂತಿದೆ. ಅಂತರರಾಷ್ಟ್ರೀಯ ಶಿಕ್ಷಣ ಎಂದು ನಾನು ಕರೆಯುವುದು ಅದನ್ನೇ. ನಮಗೆ ತಪ್ಪು ಎಂದು ಕಂಡದ್ದು ಇನ್ನೊಬ್ಬರು ನಿಂತ ಜಾಗದಿಂದ ಸರಿ ಇರಬಹುದು. ಎರಡೂ ಅಳತೆಗಳನ್ನು ಸೇರಿಸಿದಾಗ ಮಾತ್ರ ಭೂಮಿಯ ಅಳತೆ ಸಿಗುತ್ತದೆ.

ಈಗ ಇದರ ಪಕ್ಕದಲ್ಲಿ ನಮ್ಮ ಶಾಲೆಗಳು ಆ ಹೆಸರಿನಲ್ಲಿ ಮಾಡುತ್ತಿರುವುದನ್ನು ಇಟ್ಟು ನೋಡಿ. ವರ್ಷಕ್ಕೊಂದು ದಿನ ಬಾವುಟಗಳ ಮೆರವಣಿಗೆ. ಪ್ರತಿ ತರಗತಿಗೂ ಒಂದೊಂದು ದೇಶ. ಮಕ್ಕಳು ಆ ದೇಶದ ಉಡುಪು ಹಾಕಿ, ರಾಜಧಾನಿಯ ಹೆಸರು ಹೇಳಿ, ಫೋಟೋ ತೆಗೆಸಿಕೊಂಡು ಮನೆಗೆ ಹೋಗುತ್ತಾರೆ. ನಾನೂ ಅಂಥ ದಿನಗಳನ್ನು ಏರ್ಪಡಿಸಿದ್ದೇನೆ. ಮಕ್ಕಳಿಗೆ ಖುಷಿ ಆಗುತ್ತದೆ, ಆ ಖುಷಿಗೆ ನನ್ನ ವಿರೋಧವಿಲ್ಲ. ಆದರೆ ಮಾರನೇ ದಿನ ಕೇಳಿದರೆ ಅವರ ಹತ್ತಿರ ಒಂದು ಹೊಸ ಪ್ರಶ್ನೆಯೂ ಇರುವುದಿಲ್ಲ. ಇನ್ನು ಕೆಲವು ಕಡೆ ಶಾಲೆಯ ಹೆಸರಿಗೆ ಅಂತರರಾಷ್ಟ್ರೀಯ ಎಂಬ ಪದ ಸೇರಿಸಿ ಬೋರ್ಡ್ ಬದಲಾಯಿಸುತ್ತಾರೆ, ಒಳಗೆ ಪಾಠ ಹಳೆಯದೇ. ದುಡ್ಡಿದ್ದವರ ಮಕ್ಕಳು ವಿದೇಶ ಪ್ರವಾಸ ಹೋಗಿ ಬರುತ್ತಾರೆ, ಉಳಿದವರು ಅವರ ಫೋಟೋ ನೋಡುತ್ತಾರೆ. ಜಗತ್ತಿನ ಜೊತೆ ಬದುಕುವುದನ್ನು ಕಲಿಯುವುದು ಹಣವಂತರ ಹಕ್ಕು ಎಂಬಂತೆ ಆಗಿಬಿಟ್ಟಿದೆ. ಇದು ನನಗೆ ತುಂಬಾ ನೋವು ಕೊಡುವ ಸಂಗತಿ.

ಈ ಶಿಕ್ಷಣ ಶುರುವಾದದ್ದು ಹೀಗಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ, 1924ರಲ್ಲಿ, ಜಿನೀವಾದಲ್ಲಿ ಒಂದು ಅಂತರರಾಷ್ಟ್ರೀಯ ಶಾಲೆ ತೆರೆಯಿತು. ರಾಷ್ಟ್ರಗಳ ಒಕ್ಕೂಟದಲ್ಲಿ (ಲೀಗ್ ಆಫ್ ನೇಷನ್ಸ್) ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯಲ್ಲಿ ಕೆಲಸ ಮಾಡಲು ಬಂದವರ ಮಕ್ಕಳಿಗಾಗಿ ಕಟ್ಟಿದ ಶಾಲೆ ಅದು. ಎರಡನೇ ಯುದ್ಧ ಮುಗಿದ ಮೇಲೆ, ಯುದ್ಧಭೂಮಿಯಲ್ಲಿ ಗಾಯಾಳುಗಳನ್ನು ಆಂಬುಲೆನ್ಸ್‌ನಲ್ಲಿ ಸಾಗಿಸಿದ್ದ ಎಎಫ್‌ಎಸ್ (ಅಮೆರಿಕನ್ ಫೀಲ್ಡ್ ಸರ್ವಿಸ್) ಎಂಬ ಸಂಸ್ಥೆಯ ಸ್ವಯಂಸೇವಕರೇ 1947ರಲ್ಲಿ ಹೈಸ್ಕೂಲ್ ಮಕ್ಕಳನ್ನು ಒಂದು ದೇಶದಿಂದ ಇನ್ನೊಂದು ದೇಶದ ಮನೆಗಳಿಗೆ ಕಳಿಸುವ ಕೆಲಸ ಶುರುಮಾಡಿದರು. ಗಾಯಾಳುಗಳನ್ನು ಹೊತ್ತ ಕೈಗಳು ಅವು. 1953ರಲ್ಲಿ ಯುನೆಸ್ಕೋ ಸಹವರ್ತಿ ಶಾಲೆಗಳ ಜಾಲ ಕಟ್ಟಿತು. 1968ರಲ್ಲಿ ಹಲವು ದೇಶಗಳ ಶಾಲೆಗಳಿಗೆ ಒಂದೇ ಪಠ್ಯ, ಪರೀಕ್ಷೆ ನಡೆಸುವ ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್ ಹುಟ್ಟಿತು. ಇವನ್ನೆಲ್ಲ ಕಟ್ಟಿದವರ ಕಣ್ಣ ಮುಂದೆ ಇದ್ದದ್ದು ಒಳ್ಳೆಯ ಸಂಬಳದ ಕೆಲಸವೊಂದೇ ಅಲ್ಲ, ಯುದ್ಧದ ನೆನಪೂ ಇತ್ತು.

ನೀವೂ ಇದನ್ನು ಕಾಗದದ ಮೇಲೆ ಒಪ್ಪಿಕೊಂಡಿದ್ದೀರಿ. 1974ರಲ್ಲಿ ಯುನೆಸ್ಕೋದ ಸದಸ್ಯ ದೇಶಗಳು ಅಂತರರಾಷ್ಟ್ರೀಯ ತಿಳಿವಳಿಕೆ, ಶಾಂತಿ, ಮಾನವ ಹಕ್ಕುಗಳ ಶಿಕ್ಷಣದ ಬಗ್ಗೆ ಒಂದು ಶಿಫಾರಸನ್ನು ಅಂಗೀಕರಿಸಿದವು. 2023ರ ನವೆಂಬರಿನಲ್ಲಿ ಅದನ್ನು ಹೊಸದಾಗಿ ಬರೆದು ಮತ್ತೆ ಒಪ್ಪಿದವು. 2015ರಲ್ಲಿ ವಿಶ್ವಸಂಸ್ಥೆಯಲ್ಲಿ ಎಲ್ಲ ದೇಶಗಳೂ ಒಪ್ಪಿದ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 4.7 ಎಂಬ ಗುರಿ ಇದೆ. 2030ರೊಳಗೆ ಕಲಿಯುವ ಪ್ರತಿಯೊಬ್ಬರಿಗೂ ಜಾಗತಿಕ ಪೌರತ್ವದ ಶಿಕ್ಷಣ ಸಿಗಬೇಕು ಎನ್ನುವುದೂ ಅದರ ಒಂದು ಭಾಗ. ಪ್ರತಿಯೊಬ್ಬರಿಗೂ ಎಂಬ ಪದವನ್ನು ಇನ್ನೊಂದು ಸಲ ಓದಿ. ಶುಲ್ಕ ಕಟ್ಟಬಲ್ಲವರಿಗೆ ಎಂದು ಅಲ್ಲಿ ಬರೆದಿಲ್ಲ.

ಹಾಗಾದರೆ ಸಾಮಾನ್ಯ ಶಾಲೆಯೊಂದು ಏನು ಮಾಡಬಹುದು? ಹೊಸ ವಿಷಯ, ಹೊಸ ಪುಸ್ತಕ, ಹೊಸ ಪರೀಕ್ಷೆ ಬೇಡ. ಮಕ್ಕಳ ಬ್ಯಾಗು ಈಗಾಗಲೇ ಭಾರ. ಈಗಿರುವ ಪಾಠಗಳಲ್ಲೇ ಕಿಟಕಿ ತೆರೆಯಬಹುದು.

ಮೊಬೈಲ್ ಫೋನನ್ನೇ ತೆಗೆದುಕೊಳ್ಳಿ. ಅದರ ಬ್ಯಾಟರಿಯಲ್ಲಿ ಸಾಮಾನ್ಯವಾಗಿ ಕೋಬಾಲ್ಟ್ ಇರುತ್ತದೆ. ಜಗತ್ತಿನ ಗಣಿಗಳಿಂದ ಬರುವ ಕೋಬಾಲ್ಟ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ್ದು. ಅಲ್ಲಿನ ಕೈಗಣಿಗಳಲ್ಲಿ ಮಕ್ಕಳೂ ದುಡಿಯುವುದು ದಾಖಲಾಗಿದೆ. ರಸಾಯನಶಾಸ್ತ್ರದ ಪಾಠದಲ್ಲಿ ಕೋಬಾಲ್ಟ್ ಒಂದು ಧಾತು, ಅದರ ಸಂಖ್ಯೆ 27, ಅಲ್ಲಿಗೆ ಮುಗಿಯಿತು. ಅದೇ ಪಾಠದಲ್ಲಿ "ಇದನ್ನು ಅಗೆದವರು ಯಾರು?" ಎಂದು ಕೇಳಿದರೆ ಏನಾಗುತ್ತದೆ ಗೊತ್ತಾ? ತರಗತಿ ಸದ್ದಿಲ್ಲದೆ ಕೂರುತ್ತದೆ. ನಂತರ ಪ್ರಶ್ನೆಗಳು ಬರುತ್ತವೆ. ಆ ಮಕ್ಕಳು ಶಾಲೆಗೆ ಹೋಗುತ್ತಾರಾ? ಫೋನ್ ಬಿಟ್ಟರೆ ಅವರಿಗೆ ಒಳ್ಳೆಯದಾಗುತ್ತಾ, ಅಥವಾ ಇರುವ ಕೂಳೂ ಹೋಗುತ್ತಾ? ಇದಕ್ಕೆ ನನ್ನ ಹತ್ತಿರವೂ ಸಿದ್ಧ ಉತ್ತರವಿಲ್ಲ. ಉತ್ತರ ಇಲ್ಲದ ಪ್ರಶ್ನೆಯನ್ನು ತರಗತಿಯಲ್ಲಿ ಇಡಲು ಶಿಕ್ಷಕರಿಗೆ ಧೈರ್ಯ ಕೊಡಿ. ಈಗ ಆ ಧೈರ್ಯ ಇಲ್ಲ, ಯಾಕೆಂದರೆ ಪರೀಕ್ಷೆಯಲ್ಲಿ ಅದಕ್ಕೆ ಅಂಕ ಇಲ್ಲ.

2021ರ ಮಾರ್ಚ್‌ನಲ್ಲಿ ಎವರ್ ಗಿವನ್ ಎಂಬ 400 ಮೀಟರ್ ಉದ್ದದ ಹಡಗು ಸೂಯೆಜ್ ಕಾಲುವೆಯಲ್ಲಿ ಅಡ್ಡ ಸಿಕ್ಕಿಕೊಂಡು ಆರು ದಿನ ದಾರಿ ಕಟ್ಟಿತು. ನೂರಾರು ಹಡಗುಗಳು ಸಾಲುಗಟ್ಟಿ ನಿಂತವು. ಅವತ್ತು ಭೂಗೋಳದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಪುಟ ಇರಲಿಲ್ಲ.

ಇತಿಹಾಸದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಅಳುಕು ಹೆಚ್ಚಾಗಿ ಇರುವುದು ಇಲ್ಲೇ. 2003ರ ಜನವರಿಯಲ್ಲಿ ಫ್ರಾನ್ಸ್ ಮತ್ತು ಜರ್ಮನಿಯ ಸುಮಾರು ಐನೂರು ವಿದ್ಯಾರ್ಥಿಗಳು ಬರ್ಲಿನ್‌ನಲ್ಲಿ ಸೇರಿದ್ದರು. ಎರಡು ದೇಶಗಳ ಸ್ನೇಹ ಒಪ್ಪಂದಕ್ಕೆ ನಲವತ್ತು ವರ್ಷ ತುಂಬಿದ ಸಂದರ್ಭ. ಆ ಮಕ್ಕಳು ಕೇಳಿದ್ದರಲ್ಲಿ ಒಂದು, ಎರಡೂ ದೇಶಗಳಿಗೆ ಒಂದೇ ಇತಿಹಾಸ ಪುಸ್ತಕ. ಇವೆರಡು ದೇಶಗಳು ಎಪ್ಪತ್ತೈದು ವರ್ಷಗಳಲ್ಲಿ ಮೂರು ಸಲ ಯುದ್ಧ ಮಾಡಿದವು. ಒಬ್ಬರ ಗೆಲುವಿನ ಅಧ್ಯಾಯ ಇನ್ನೊಬ್ಬರ ಸೋಲಿನ ಅಧ್ಯಾಯ. ಆದರೂ ದೊಡ್ಡವರು ಮಕ್ಕಳ ಮಾತು ಕೇಳಿದರು. 2006ರಲ್ಲಿ ಮೊದಲ ಸಂಪುಟ ಬಂತು. ಎರಡು ಭಾಷೆಗಳಲ್ಲಿ, ಒಂದೇ ಪಾಠ. ಆಮೇಲೆ ಜರ್ಮನಿ ಮತ್ತು ಪೋಲೆಂಡ್ ಕೂಡ ಅಂಥದೇ ಪುಸ್ತಕ ತಂದವು. ಅವರ ಜಂಟಿ ಪಠ್ಯಪುಸ್ತಕ ಆಯೋಗ 1972ರಿಂದಲೇ, ಶೀತಲ ಸಮರದ ನಡುವೆಯೇ, ಕೆಲಸ ಮಾಡುತ್ತಿತ್ತು. ಇತಿಹಾಸಕಾರರು ಒಪ್ಪದ ಕಡೆ ಏನು ಮಾಡಬೇಕು? ಒಪ್ಪುವುದಿಲ್ಲ ಎಂದು ಬರೆದರೆ ಆಯಿತು. ಎರಡು ನೋಟಗಳನ್ನು ಅಕ್ಕಪಕ್ಕ ಇಟ್ಟು ಓದಿದ ಮಗು ಗೊಂದಲಕ್ಕೆ ಬೀಳುತ್ತದೆ ಎಂದು ನೀವು ಹೆದರುತ್ತೀರಿ. ನನ್ನ ಅನುಭವ ಬೇರೆ. ಅದು ಮೊದಲ ಸಲ ಸಾಕ್ಷಿ ಎಲ್ಲಿದೆ ಎಂದು ಕೇಳುತ್ತದೆ.

ಶೀತಲ ಸಮರದ ಮಾತು ಬಂತು, ಹಾಗಾಗಿ ಇದನ್ನೂ ಹೇಳಿಬಿಡುತ್ತೇನೆ. ಸಿಡುಬನ್ನು ಜಗತ್ತಿನಿಂದಲೇ ಓಡಿಸೋಣ ಎಂದು 1958ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಪ್ರಸ್ತಾಪ ಇಟ್ಟದ್ದು ಸೋವಿಯತ್ ಒಕ್ಕೂಟ. ನಂತರ ಆ ಕೆಲಸದಲ್ಲಿ ಅಮೆರಿಕವೂ ಕೈಜೋಡಿಸಿತು. ಒಬ್ಬರ ಮೇಲೊಬ್ಬರು ಅಣುಬಾಂಬು ಗುರಿಯಿಟ್ಟಿದ್ದ ಕಾಲದಲ್ಲೇ ಇಬ್ಬರೂ ಈ ಕೆಲಸಕ್ಕೆ ಲಸಿಕೆ ಕೊಟ್ಟರು. 1980ರಲ್ಲಿ ಸಿಡುಬು ಹೋಯಿತು ಎಂದು ಘೋಷಣೆ ಆಯಿತು. ನಮ್ಮ ಪಠ್ಯಗಳಲ್ಲಿ ಆ ಕಾಲದ ಕ್ಷಿಪಣಿಗಳಿಗೆ ಎಷ್ಟು ಪುಟ, ಈ ಲಸಿಕೆಗೆ ಎಷ್ಟು ಸಾಲು ಎಂದು ಒಮ್ಮೆ ಎಣಿಸಿ ನೋಡಿ.

ಇನ್ನು ನನಗೆ ಪದೇ ಪದೇ ಎದುರಾಗುವ ಒಂದು ಭಯ. ಜಗತ್ತನ್ನು ಜಾಸ್ತಿ ತೋರಿಸಿದರೆ ಮಕ್ಕಳಿಗೆ ತಮ್ಮ ನಾಡಿನ ಮೇಲೆ ಪ್ರೀತಿ ಕಡಿಮೆ ಆಗುತ್ತದೆ, ತಮ್ಮ ಭಾಷೆ ಮರೆಯುತ್ತಾರೆ ಎಂಬ ಭಯ. ಇದನ್ನು ನಾನು ಹಗುರವಾಗಿ ನೋಡುವುದಿಲ್ಲ. ಬೇರು ಕಿತ್ತ ಗಿಡ ಎಲ್ಲೂ ಬೆಳೆಯುವುದಿಲ್ಲ. ಆದರೆ ನಾನು ಕಂಡದ್ದು ಹೇಳುತ್ತೇನೆ. ನೆರಳಿನ ಲೆಕ್ಕ ಮುಗಿದ ಮೇಲೆ ಆಚೆಯ ಮಕ್ಕಳು ಒಂದು ಪ್ರಶ್ನೆ ಕಳಿಸಿದರು: "ನೀವು ಕುಡಿಯುವ ನೀರು ಎಲ್ಲಿಂದ ಬರುತ್ತದೆ?" ನಮ್ಮ ನಲವತ್ತು ಮಕ್ಕಳಲ್ಲಿ ಒಬ್ಬರಿಗೂ ಸರಿಯಾಗಿ ಗೊತ್ತಿರಲಿಲ್ಲ. ನಲ್ಲಿಯಿಂದ ಎಂದರು. ಒಂದು ವಾರ ಓಡಾಡಿ, ನೀರು ಬಿಡುವವರನ್ನು ಕೇಳಿ, ನದಿಯ ಮೂಲದವರೆಗೆ ನಕ್ಷೆ ಬರೆದು ಉತ್ತರ ಕಳಿಸಿದರು. ದೂರದವರಿಗೆ ಹೇಳಬೇಕು ಎಂದಾಗ ಹತ್ತಿರದ್ದು ಕಣ್ಣಿಗೆ ಬಿತ್ತು. ಆ ನದಿಯ ಬಗ್ಗೆ ನಾನು ಎಷ್ಟೋ ವರ್ಷ ಪಾಠ ಮಾಡಿದ್ದೆ. ಅದು ತಮ್ಮದು ಎಂದು ಮಕ್ಕಳಿಗೆ ಅನ್ನಿಸಿದ್ದು ಆ ವಾರ.

ಭಾಷೆಯ ವಿಷಯದಲ್ಲೂ ಒಂದು ತಪ್ಪು ಕಲ್ಪನೆ ಇದೆ. ಅಂತರರಾಷ್ಟ್ರೀಯ ಎಂದರೆ ಇಂಗ್ಲಿಷ್, ಅಷ್ಟೇ ಎಂದು ಎಷ್ಟೋ ಜನ ತಿಳಿದಿದ್ದಾರೆ. ಇಂಗ್ಲಿಷ್ ಬೇಕು, ಚೆನ್ನಾಗಿಯೇ ಬೇಕು. ಆದರೆ ಮನೆಮಾತಿನಲ್ಲಿ ಯೋಚಿಸಲು ಬಾರದ ಮಗುವಿಗೆ ಇನ್ನೊಂದು ಭಾಷೆಯಲ್ಲಿ ಹೇಳಲು ಏನಿರುತ್ತದೆ? ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್‌ನ ಡಿಪ್ಲೊಮಾದಲ್ಲೇ, ಶಾಲೆಯಲ್ಲಿ ಆ ಭಾಷೆಯ ಶಿಕ್ಷಕರಿಲ್ಲದಿದ್ದರೂ ವಿದ್ಯಾರ್ಥಿ ತನ್ನ ತಾಯಿನುಡಿಯ ಸಾಹಿತ್ಯವನ್ನು ಸ್ವಂತವಾಗಿ ಓದಿ ಪರೀಕ್ಷೆ ಬರೆಯಲು ದಾರಿ ಇದೆ. ಅಷ್ಟು ದೊಡ್ಡ ಅಂತರರಾಷ್ಟ್ರೀಯ ವ್ಯವಸ್ಥೆಗೆ ತಾಯಿನುಡಿ ಅಡ್ಡಿ ಅನ್ನಿಸಲಿಲ್ಲ. ನಮಗೆ ಯಾಕೆ ಅನ್ನಿಸಬೇಕು? ನಮ್ಮ ಮಕ್ಕಳು ನೀರಿನ ಉತ್ತರವನ್ನು ಮೊದಲು ತಮ್ಮ ಭಾಷೆಯಲ್ಲಿ ಬರೆದು ಆಮೇಲೆ ಅನುವಾದ ಮಾಡಿದರು. ಹಳ್ಳ, ತೊರೆ, ಹೊಳೆ ಎಂಬ ಮೂರು ಪದಗಳಿಗೆ ಮೂರು ಬೇರೆ ಪದ ಹುಡುಕುವುದರಲ್ಲಿ ಒಂದು ಇಡೀ ಪೀರಿಯಡ್ ಹೋಯಿತು. ಆ ಪೀರಿಯಡ್ ದಂಡವಾಯಿತು ಎಂದು ನನಗೆ ಅನ್ನಿಸಿಲ್ಲ.

ದೇಶ ಸುತ್ತಬೇಕು, ಇಲ್ಲ ಕೋಶ ಓದಬೇಕು ಎಂದು ಹಿರಿಯರು ಹೇಳಿದರು. ಈ ಎರಡರ ನಡುವೆ ಇವತ್ತು ಮೂರನೇ ದಾರಿಯೂ ಇದೆ. ಕೂತಲ್ಲಿಂದಲೇ ಇನ್ನೊಬ್ಬರ ಜೊತೆ ಸೇರಿ ಕೆಲಸ ಮಾಡಬಹುದು. ಯುರೋಪಿನಲ್ಲಿ 2005ರಿಂದ ಇಟ್ವಿನ್ನಿಂಗ್ ಎಂಬ ವ್ಯವಸ್ಥೆ ಶಾಲೆಗಳನ್ನು ಅಂತರ್ಜಾಲದಲ್ಲಿ ಜೋಡಿ ಮಾಡುತ್ತಿದೆ, ಅದಕ್ಕೆ ಯಾರೂ ವಿಮಾನ ಹತ್ತಬೇಕಿಲ್ಲ. 1995ರಲ್ಲಿ ಶುರುವಾದ ಗ್ಲೋಬ್ ಕಾರ್ಯಕ್ರಮದಲ್ಲಿ ನೂರಕ್ಕೂ ಹೆಚ್ಚು ದೇಶಗಳ ವಿದ್ಯಾರ್ಥಿಗಳು ಮೋಡ, ಮಳೆ, ಮಣ್ಣಿನ ಅಳತೆಗಳನ್ನು ಒಂದೇ ಕಡೆ ದಾಖಲಿಸುತ್ತಾರೆ. ದಾರಿ ಹೊಸದಾಗಿ ಕಡಿಯಬೇಕಾಗಿಲ್ಲ.

ಆದರೆ ವಿಡಿಯೋ ಕರೆಯೇ ಎಲ್ಲಕ್ಕೂ ಮದ್ದು ಎಂದು ದಯವಿಟ್ಟು ಸುತ್ತೋಲೆ ಹೊರಡಿಸಬೇಡಿ. ನಾವು ಒಂದು ಸಲ ಮಾಡಿ ನೋಡಿದೆವು. ನಲವತ್ತು ನಿಮಿಷದಲ್ಲಿ ಹದಿನೈದು ನಿಮಿಷ "ಕೇಳಿಸ್ತಾ ಇದೆಯಾ?" ಎನ್ನುವುದರಲ್ಲೇ ಹೋಯಿತು. ನಮಗೆ ಬೆಳಿಗ್ಗೆ, ಅವರಿಗೆ ಶಾಲೆ ಬಿಡುವ ಹೊತ್ತು. ಧೈರ್ಯ ಇದ್ದ ನಾಲ್ಕು ಮಕ್ಕಳು ಮಾತಾಡಿದರು, ಉಳಿದವರು ಸುಮ್ನೆ ಕೂತರು. ಆಮೇಲೆ ನಿಧಾನದ ದಾರಿ ಹಿಡಿದೆವು. ಒಂದು ಪ್ರಶ್ನೆ ಕಳಿಸುವುದು, ಒಂದು ವಾರ ಕಾಯುವುದು, ಬಂದ ಉತ್ತರವನ್ನು ಎಲ್ಲರೂ ಕೂತು ಓದುವುದು. ನಾಚಿಕೆಯ ಮಕ್ಕಳು ಬರೆಯುತ್ತಾರೆ. ಗೋಳ ಹಿಡಿದ ಆ ಹುಡುಗಿ ಕ್ಯಾಮೆರಾ ಮುಂದೆ ಒಂದು ಮಾತೂ ಆಡಿರಲಿಲ್ಲ. ಮಕ್ಕಳ ಸುರಕ್ಷತೆಗೂ ಇದೇ ಒಳ್ಳೆಯದು. ಎಲ್ಲ ಪತ್ರಗಳೂ ಇಬ್ಬರು ಶಿಕ್ಷಕರ ಕಣ್ಣ ಮುಂದೆಯೇ ಹೋಗಿ ಬರುತ್ತವೆ, ಯಾವ ಮಗುವಿನ ವಿಳಾಸ, ಫೋನ್ ನಂಬರೂ ಆಚೆ ಹೋಗುವುದಿಲ್ಲ.

ಈಗ ನಾನು ಕೇಳುವುದನ್ನು ಕೇಳಿಬಿಡುತ್ತೇನೆ. ಎಲ್ಲಕ್ಕಿಂತ ಮೊದಲು, ಶಿಕ್ಷಕರಿಗೆ ಸಮಯ ಕೊಡಿ. ನಾನು ಮಾಡಿದ್ದೆಲ್ಲ ಶಾಲೆ ಬಿಟ್ಟ ಮೇಲೆ, ಭಾನುವಾರಗಳಲ್ಲಿ, ಬೇರೆ ಪಾಠ ಮುಗಿಸುವ ಧಾವಂತದ ನಡುವೆ ಕದ್ದು ಮಾಡಿದ್ದು. ಹದಿನೈದು ದಿನಕ್ಕೊಂದು ಪೀರಿಯಡ್ ವೇಳಾಪಟ್ಟಿಯಲ್ಲೇ ಇರಲಿ, ಅದಕ್ಕೆ ತಯಾರಾಗಲು ಶಿಕ್ಷಕರಿಗೆ ಸಂಬಳದ ಹೊತ್ತಿನೊಳಗೆ ಬಿಡುವು ಇರಲಿ. ಪರೀಕ್ಷೆಯಲ್ಲಿ ಒಂದೇ ಒಂದು ಪ್ರಶ್ನೆಯಾದರೂ "ಇದೇ ಘಟನೆ ಇನ್ನೊಬ್ಬರಿಗೆ ಹೇಗೆ ಕಂಡಿರಬಹುದು, ಆಧಾರ ಕೊಡಿ" ಎಂದು ಕೇಳಲಿ. ಪರೀಕ್ಷೆಯಲ್ಲಿ ಬಂದದ್ದನ್ನು ನಾವು ಹೇಗಾದರೂ ಪಾಠ ಮಾಡುತ್ತೇವೆ, ಇದು ನಿಮಗೂ ಗೊತ್ತು. ಹಣ ಇದ್ದರೆ ಪ್ರವಾಸಕ್ಕಲ್ಲ, ಇಂಟರ್‌ನೆಟ್ ಇಲ್ಲದ ಶಾಲೆಗೆ ಮೊದಲು ಖರ್ಚು ಮಾಡಿ.

ಮತ್ತೆ, ಒಂದು ಪಟ್ಟಿ ಬೇಕು. ಜೊತೆಯಾಗಿ ಕೆಲಸ ಮಾಡಲು ಸಿದ್ಧವಿರುವ ಶಾಲೆಗಳ ಪಟ್ಟಿ, ಯಾರಾದರೂ ಜವಾಬ್ದಾರಿಯಿಂದ ನೋಡಿಕೊಳ್ಳುವ ಪಟ್ಟಿ. ಇದನ್ನು ಯಾಕೆ ಇಷ್ಟು ಒತ್ತಿ ಕೇಳುತ್ತಿದ್ದೇನೆ ಎಂದರೆ, ಆ ನೆರಳಿನ ಲೆಕ್ಕ ನಡೆದದ್ದು ಎರಡೇ ವರ್ಷ. ಆಚೆಯ ಶಿಕ್ಷಕಿ ಬೇರೆ ಶಾಲೆಗೆ ಹೋದರು. ಅವರ ಜಾಗಕ್ಕೆ ಬಂದವರಿಗೆ ಈ ವಿಷಯ ಯಾರೂ ಹೇಳಲಿಲ್ಲ. ನಮ್ಮ ಕಡೆಯಿಂದ ಮೂರು ಪತ್ರ ಹೋದವು, ಉತ್ತರ ಬರಲಿಲ್ಲ. ಎರಡು ಶಾಲೆಗಳ ನಂಟು ಇಬ್ಬರು ಶಿಕ್ಷಕಿಯರ ಇಮೇಲ್ ಮೇಲೆ ನಿಂತಿತ್ತು, ಒಬ್ಬರು ಹೋದರು, ನಂಟು ಕಡಿದು ಬಿತ್ತು. ಈ ವರ್ಷದ ಎಂಟನೇ ತರಗತಿಯವರು ಹಿರಿಯರಿಂದ ಕಥೆ ಕೇಳಿಕೊಂಡು ಬಂದು, ನಮಗೂ ಆ ಲೆಕ್ಕ ಮಾಡಿಸಿ ಎಂದು ಹಟ ಹಿಡಿದಿದ್ದಾರೆ.

ಸೆಪ್ಟೆಂಬರಿನಲ್ಲಿ ಹಗಲು ರಾತ್ರಿ ಮತ್ತೆ ಸಮ ಆಗುತ್ತದೆ. ಕೋಲು ಇದೆ, ದಾರ ಇದೆ. ಆಚೆ ಇನ್ನೊಂದು ಕೋಲು ಹಿಡಿದು ನಿಲ್ಲುವ ಒಂದು ಶಾಲೆಯನ್ನು ಹುಡುಕಿಕೊಡಿ.

ಇಂತಿ,
ಒಬ್ಬ ಶಾಲಾ ಶಿಕ್ಷಕಿ